ಹಳೇ ಸ್ಟಂಪ್ ಗ್ರೈಂಡರ್ ರಿಪೇರಿ: ಯುಗಾದಿಯಿಂದ ಕಾರಹುಣ್ಣಿಮೆವರೆಗೆ

ಯುಗಾದಿ ಹೊತ್ತಿಗೆ

ಮಷಿನ್ ಕೊನೆಗೂ ಶೆಡ್‌ಗೆ ಬಂತು. ಸೆಕೆಂಡ್ ಹ್ಯಾಂಡ್ ಸ್ಟಂಪ್ ಗ್ರೈಂಡರ್, ಕೈಯಿಂದ ತಳ್ಳಿಕೊಂಡು ಹೋಗುವ ಸಣ್ಣ ಮಾದರಿ. ಮೇಲೆ ಹೋಂಡಾ ಜಿಎಕ್ಸ್390 ಪೆಟ್ರೋಲ್ ಇಂಜಿನ್, 389 ಸಿಸಿ. ಇಂಜಿನ್‌ನಿಂದ ಎರಡು ವಿ-ಬೆಲ್ಟ್ ಮುಂದಿನ ಉಕ್ಕಿನ ಚಕ್ರಕ್ಕೆ ಹೋಗುತ್ತವೆ, ಆ ಚಕ್ರದ ಎರಡೂ ಬದಿಗೆ ಕಾರ್ಬೈಡ್ (ಉಕ್ಕಿಗಿಂತಲೂ ಗಟ್ಟಿಯಾದ ವಸ್ತು) ತುದಿಯ ಹಲ್ಲುಗಳನ್ನು ಬೋಲ್ಟ್ ಹಾಕಿ ಕೂರಿಸಿದ್ದಾರೆ. ಕಡಿದ ಮರದ ಬೊಡ್ಡೆಯನ್ನು ಇದು ಕೀಳುವುದಿಲ್ಲ. ಇದ್ದಲ್ಲೇ ಚೂರು ಚೂರು ಮಾಡಿ ನೆಲಮಟ್ಟಕ್ಕಿಂತ ಕೆಳಗೆ ಇಳಿಸುತ್ತದೆ.

ನಮ್ಮ ಕಡೆ ಬೊಡ್ಡೆ ತೆಗೆಯಬೇಕು ಅಂದರೆ ಜೆಸಿಬಿ ಕರೆಸುವುದೇ ರೂಢಿ. ಬಯಲು ಹೊಲದಲ್ಲಿ ಅದು ಸರಿಯೇ. ಧಾರವಾಡದ ಹಳೇ ಓಣಿಗಳಲ್ಲಿ, ಕಂಪೌಂಡ್‌ಗೆ ಅಂಟಿಕೊಂಡು ಬೆಳೆದ ಮಾವು, ಬೇವಿನ ಬೊಡ್ಡೆ ಇದ್ದಲ್ಲಿಗೆ ಜೆಸಿಬಿ ಹೋಗುವುದೇ ಇಲ್ಲ; ಹೋದರೂ ಬೇರಿನ ಜೊತೆ ಗೋಡೆಯ ಪಾಯ, ನೀರಿನ ಪೈಪ್ ಎಲ್ಲಾ ಎದ್ದು ಬರುತ್ತವೆ. ಬೆಂಕಿ ಹಾಕಿ ಸುಡುವವರೂ ಇದ್ದಾರೆ. ಮೇಲೆ ಆರಿದಂತೆ ಕಂಡರೂ ಬೇರಿನೊಳಗೆ ಕೆಂಡ ದಿನಗಟ್ಟಲೆ ಉಳಿಯುತ್ತದೆ, ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ. ಇಂಥ ಜಾಗಗಳಿಗಾಗಿಯೇ ನಾನು ಈ ಮಷಿನ್ ತಗೊಂಡದ್ದು.

ತಂದ ದಿನ ಇಂಜಿನ್ ಚಾಲೂ ಮಾಡಲಿಲ್ಲ. ಮೊದಲು ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಕಿತ್ತು ದೂರ ಸರಿಸಿದೆ. ಆಮೇಲೆ ಹ್ಯಾಂಡಲ್ ನೋಡಿದರೆ, ಕೈ ಬಿಟ್ಟ ತಕ್ಷಣ ಇಂಜಿನ್ ನಿಲ್ಲಿಸಬೇಕಾದ ಸುರಕ್ಷತಾ ಲಿವರ್ ಅನ್ನು ಹಿಂದಿನವರು ಬೈಂಡಿಂಗ್ ತಂತಿ ಸುತ್ತಿ ಬಿಗಿದುಬಿಟ್ಟಿದ್ದರು. ದಿನವಿಡೀ ಒತ್ತಿ ಹಿಡಿದರೆ ಬೆರಳು ನೋಯುತ್ತದೆ, ನಿಜ. ಆದರೆ ಕಾಲು ಜಾರಿ ಬಿದ್ದಾಗ, ಚಕ್ರ ಬೇರಿಗೆ ಸಿಕ್ಕಿ ಮಷಿನ್ ಜಗ್ಗಿದಾಗ ಆಪರೇಟರ್‌ನನ್ನು ಉಳಿಸುವುದು ಅದೊಂದೇ ಲಿವರ್. ತಂತಿ ಕತ್ತರಿಸಿದೆ. ಒಳಗಿನ ಸ್ವಿಚ್‌ನ ಸ್ಪ್ರಿಂಗ್ ಸತ್ತಿತ್ತು, ವೈರ್ ಒಂದು ಕಡೆ ಸುಲಿದಿತ್ತು. ಹುಬ್ಬಳ್ಳಿಯ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಹೋಗಿ ಸ್ವಿಚ್ ಹುಡುಕಿ ತಂದು ಹೊಸ ವೈರಿಂಗ್ ಮಾಡಿದೆ. ಈಗ ಕೆಲಸಕ್ಕೆ ಮೊದಲು ಪ್ರತಿ ಸಲ ನಾನು ಮಾಡುವ ಪರೀಕ್ಷೆ ಇದು: ಚಕ್ರ ನೆಲದಿಂದ ಮೇಲೆತ್ತಿ, ಇಂಜಿನ್ ಚಾಲೂ ಮಾಡಿ, ಲಿವರ್ ಬಿಡುವುದು. ಇಂಜಿನ್ ನಿಲ್ಲದಿದ್ದರೆ ಆ ದಿನ ಕೆಲಸ ಇಲ್ಲ.

ಇಂಜಿನ್ ಸರ್ವಿಸ್

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕೈಪಿಡಿಯಲ್ಲೇ ಎಲ್ಲಾ ಇದೆ. ಆಯಿಲ್ 10ಡಬ್ಲ್ಯು-30, ಒಂದು ಲೀಟರ್‌ಗಿಂತ ಸ್ವಲ್ಪ ಜಾಸ್ತಿ (1.1) ಹಿಡಿಯುತ್ತದೆ. ಹೊಸ ಇಂಜಿನ್ ಆದರೆ ಮೊದಲ 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಬದಲಿಸಬೇಕು. ಮಟ್ಟ ನೋಡುವಾಗ ಡಿಪ್‌ಸ್ಟಿಕ್ ಅನ್ನು ತಿರುಗಿಸಿ ಬಿಗಿಯಬಾರದು. ಸುಮ್ಮನೆ ಒಳಗೆ ಇಟ್ಟು ತೆಗೆದು ನೋಡಬೇಕು, ಅದೂ ಮಷಿನ್ ಸಮತಟ್ಟಾದ ನೆಲದ ಮೇಲಿದ್ದಾಗ. ಪ್ಲಗ್ ಬಿಪಿಆರ್6ಇಎಸ್, ಗ್ಯಾಪ್ 0.7ರಿಂದ 0.8 ಮಿ.ಮೀ.

ಒಂದೇ ಒಂದು ವಿಷಯಕ್ಕೆ ಒತ್ತು ಕೊಡುತ್ತೇನೆ: ಏರ್ ಫಿಲ್ಟರ್. ಈ ಮಷಿನ್ ಕೆಲಸ ಮಾಡುವುದೇ ಧೂಳಿನ ನಡುವೆ. ಪ್ರತಿ ಕೆಲಸಕ್ಕೂ ಮುಂಚೆ ಫಿಲ್ಟರ್ ತೆಗೆದು ನೋಡುತ್ತೇನೆ. ಹೊರಗಿನ ಫೋಮ್ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಬೇಕು, ಒಳಗಿನ ಕಾಗದದ ಫಿಲ್ಟರ್ ತಟ್ಟಿ ಧೂಳು ಉದುರಿಸಬೇಕು.

ಪೆಟ್ರೋಲ್ ವಿಷಯವೂ ಹೇಳಬೇಕು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತದ್ದು, ಈ ಇಂಜಿನ್‌ನ ಕೈಪಿಡಿ ಒಪ್ಪುವುದು ಶೇ 10ರವರೆಗೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಹಾಗಾಗಿ ಟ್ಯಾಂಕ್‌ನಲ್ಲಿ ಪೆಟ್ರೋಲ್ ಉಳಿಸಿಡುವುದಿಲ್ಲ. ಆ ದಿನಕ್ಕೆ ಬೇಕಾದಷ್ಟೇ ಹಾಕಿ, ಸಂಜೆ ಟ್ಯಾಂಕ್ ಖಾಲಿ ಮಾಡಿ ಕಾರ್ಬ್ಯುರೇಟರ್ ಒಣಗುವವರೆಗೆ ಇಂಜಿನ್ ಓಡಿಸಿ ಇಡುತ್ತೇನೆ. ಬಿಸಿ ಇಂಜಿನ್‌ಗೆ ಪೆಟ್ರೋಲ್ ಹಾಕುವುದು ಮಾತ್ರ ಎಂದಿಗೂ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಒಣ ಪುಡಿ ಸೈಲೆನ್ಸರ್ ಸುತ್ತ ಕೂತಿರುತ್ತದೆ, ಅದಕ್ಕೆ ಕಿಡಿ ತಾಗಲು ಎಷ್ಟು ಹೊತ್ತು?

ಹಲ್ಲು

ಬಹಳ ಸಮಯ ಹಿಡಿದದ್ದು ಇಲ್ಲೇ, ಮತ್ತು ಬಹಳ ಕಲಿತದ್ದೂ ಇಲ್ಲೇ.

ಚಕ್ರ ಬಿಚ್ಚಿ ಟೇಬಲ್ ಮೇಲೆ ಇಟ್ಟು, ಒಂದೊಂದೇ ಹಲ್ಲನ್ನು ವೈರ್ ಬ್ರಷ್‌ನಿಂದ ಉಜ್ಜಿ ಭೂತಗನ್ನಡಿ ಹಿಡಿದು ನೋಡಿದೆ. ಒಳ್ಳೆಯ ಹಲ್ಲಿನ ಕಾರ್ಬೈಡ್ ತುದಿಯ ಅಂಚು ಉಗುರು ಎಳೆದರೆ ಹೆರೆಯುವ ಹಾಗಿರುತ್ತದೆ. ಇವುಗಳಲ್ಲಿ ಅರ್ಧಕ್ಕರ್ಧ ಉರುಟಾಗಿ ಹೊಳೆಯುತ್ತಿದ್ದವು. ಎರಡರಲ್ಲಿ ಕಾರ್ಬೈಡ್ ಮೂಲೆ ಚಕ್ಕೆ ಎದ್ದಿತ್ತು. ಒಂದರಲ್ಲಿ ಕಾರ್ಬೈಡ್ ಮತ್ತು ಉಕ್ಕು ಸೇರುವ ಬೆಸುಗೆಯ ಗುಂಟ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು. ಆ ಗೆರೆ ಇರುವ ಹಲ್ಲು ಕೆಲಸದ ನಡುವೆ ಹಾರಿಹೋಗುವ ಹಲ್ಲು.

ಲೆಕ್ಕ ಹಾಕಿ ನೋಡಿ. ಚಕ್ರದ ವ್ಯಾಸ ಸುಮಾರು 35 ಸೆಂ.ಮೀ. ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಹಲ್ಲಿನ ತುದಿಯ ವೇಗ ಗಂಟೆಗೆ 130 ಕಿ.ಮೀ. ದಾಟುತ್ತದೆ. ಮುರಿದ ಕಾರ್ಬೈಡ್ ಚೂರು, ಅಥವಾ ಚಕ್ರಕ್ಕೆ ಸಿಕ್ಕ ಕಲ್ಲು, ಅದೇ ವೇಗದಲ್ಲಿ ಹೊರಗೆ ಬರುತ್ತದೆ.

ಕಾರ್ಬೈಡ್‌ಗೆ ಸಾಮಾನ್ಯ ಗ್ರೈಂಡಿಂಗ್ ಕಲ್ಲು ನಡೆಯುವುದಿಲ್ಲ. ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲು ಅಥವಾ ಡೈಮಂಡ್ ವೀಲ್ ಬೇಕು. ಸಾಣೆ ಹಿಡಿಯುವಾಗ ಬಿಸಿಯಾದ ಹಲ್ಲನ್ನು ನೀರಿಗೆ ಅದ್ದಬಾರದು, ತುದಿ ಬಿರಿಯುತ್ತದೆ. ತಾನೇ ಆರಲು ಬಿಡಬೇಕು. ಆ ಧೂಳಿನಲ್ಲಿ ಕೋಬಾಲ್ಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಒಳ್ಳೆಯ ಮಾಸ್ಕ್ ಕಟ್ಟಿಕೊಂಡು ಬಾಗಿಲು ತೆರೆದಿಟ್ಟೇ ಮಾಡಿದೆ. ಚಕ್ಕೆ ಎದ್ದವು, ಗೆರೆ ಬಿಟ್ಟದ್ದು ಎಲ್ಲಾ ಗುಜರಿಗೆ. ಹೊಸ ಹಲ್ಲುಗಳನ್ನು ಎಡ-ಬಲ ಜೋಡಿಯಾಗಿಯೇ ಹಾಕಿದೆ. ಒಂದು ಬದಿಗೆ ಮಾತ್ರ ಹೊಸದು ಹಾಕಿದರೆ ಚಕ್ರದ ತೂಕ ಏರುಪೇರಾಗಿ ಬೇರಿಂಗ್ ಹಾಳು. ಬೋಲ್ಟ್‌ಗಳೂ ಕೈಪಿಡಿ ಹೇಳಿದ ಹೈ ಟೆನ್ಸೈಲ್ ದರ್ಜೆಯವೇ ಆಗಬೇಕು. ಬಿಗಿಯಲು ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ), ಅಂದಾಜಿನ ಪಾನಾ ಅಲ್ಲ. ಮೊದಲ ಒಂದೆರಡು ಗಂಟೆ ಕೆಲಸ ಆದಮೇಲೆ ಮತ್ತೆ ಒಮ್ಮೆ ಬಿಗಿ ನೋಡಬೇಕು.

ಹಲ್ಲು ಚೂಪು ಇಡುವುದು ಕೆಲಸ ಬೇಗ ಆಗಲಿ ಅಂತ ಅಷ್ಟೇ ಅಲ್ಲ. ಮೊಂಡ ಹಲ್ಲು ಮರವನ್ನು ಕೊರೆಯದೆ ಉಜ್ಜುತ್ತದೆ. ಆಗ ಆಪರೇಟರ್ ಮೈಭಾರ ಹಾಕಿ ತಳ್ಳಲು ಶುರು ಮಾಡುತ್ತಾನೆ. ತಳ್ಳಿದಾಗ ಚಕ್ರ ಒಮ್ಮೆಲೇ ಆಳಕ್ಕೆ ಕಚ್ಚಿ ಮಷಿನ್ ಎಗರುತ್ತದೆ. ಬೀಳುವ ಪುಡಿ ನೋಡಿದರೆ ಗೊತ್ತಾಗುತ್ತದೆ: ಬೆರಳಿನಲ್ಲಿ ಹಿಡಿಯಬಹುದಾದ ಚೂರು ಬಂದರೆ ಹಲ್ಲು ಚೂಪಿದೆ, ಹಿಟ್ಟಿನಂಥ ಪುಡಿ, ಜೊತೆಗೆ ಹೊಗೆ ವಾಸನೆ ಬಂದರೆ ನಿಲ್ಲಿಸಿ.

ಜೋಡಿಸುವ ಮುಂಚೆ ಚಕ್ರದ ಬದಿಗೆ ನಡುವಿನಿಂದ ಅಂಚಿನವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆದೆ. ಇಂಜಿನ್ ಬಂದ್ ಆದಮೇಲೂ ಚಕ್ರ ಎಷ್ಟೋ ಹೊತ್ತು ಸದ್ದಿಲ್ಲದೆ ತಿರುಗುತ್ತಿರುತ್ತದೆ. ಕಿವಿಗೆ ಮಫ್ ಹಾಕಿಕೊಂಡವನಿಗೆ ನಿಂತಿತೋ ಇಲ್ಲವೋ ತಿಳಿಯುವುದಿಲ್ಲ. ಗೆರೆ ಸ್ಪಷ್ಟವಾಗಿ ಕಂಡರೆ ಮಾತ್ರ ಚಕ್ರ ನಿಂತಿದೆ.

ಬಸವ ಜಯಂತಿ ಆದಮೇಲೆ, ಧಾರವಾಡದ ಮಾಳಮಡ್ಡಿ

ಮೊದಲ ನಿಜವಾದ ಕೆಲಸ. ಹಳೇ ಮನೆಯ ಹಿತ್ತಲಲ್ಲಿ ಆಪೂಸ್ ಮಾವಿನ ಬೊಡ್ಡೆ. ಮರ ಕಡಿಯಲು ಅನುಮತಿ ಪಡೆದ ಕಾಗದ ಮನೆಯವರು ತೋರಿಸಿದರು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದರಿಂದ ಕೆಲಸ ಒಪ್ಪಿಕೊಳ್ಳುವ ಮೊದಲೇ ಅದನ್ನು ಕೇಳುತ್ತೇನೆ.

ಮಷಿನ್ ಇಳಿಸುವ ಮುಂಚೆ ಹೆಚ್ಚಿನ ಸಮಯ ನೆಲಕ್ಕೆ ಕೊಟ್ಟೆವು. ನೀರಿನ ಲೈನ್ ಎಲ್ಲಿಂದ ಬಂದಿದೆ, ಬೋರ್‌ವೆಲ್ ಕೇಬಲ್ ಎಲ್ಲಿ ಹೂತಿದ್ದಾರೆ, ಅರ್ಥಿಂಗ್ ಗುಂಡಿ ಎಲ್ಲಿ, ಸೆಪ್ಟಿಕ್ ಟ್ಯಾಂಕ್ ಎಲ್ಲಿ, ಎಲ್ಲಾ ಮನೆಯವರಿಂದ ಕೇಳಿ ಸುಣ್ಣದ ಪುಡಿಯಿಂದ ಗುರುತು ಹಾಕಿದೆವು. ಹೊಸ ಬಡಾವಣೆಗಳಾದರೆ ಪೈಪಿನ ಗ್ಯಾಸ್ ಬಗ್ಗೆಯೂ ಕೇಳಬೇಕು. ಆಮೇಲೆ ಸಲಿಕೆ, ಗುದ್ದಲಿಯಿಂದ ಬೊಡ್ಡೆಯ ಸುತ್ತ ಒಂದು ಮೊಳ ಮಣ್ಣು ಬಿಡಿಸಿ ಕಲ್ಲು ಆರಿಸಿದೆವು. ಧಾರವಾಡದ ಈ ಭಾಗದ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಗರಸು ಸಾಲದು ಎಂಬಂತೆ ಕಟ್ಟಡದ ಇಟ್ಟಂಗಿ ಚೂರು, ಗಾಜು ಕೂಡ ಬೇರಿನ ಸಂದಿಯಲ್ಲಿ ಸೇರಿಕೊಂಡಿರುತ್ತವೆ.

ಸ್ಪೀಕರ್‌ನಿಂದ ತೆಗೆದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಬೊಡ್ಡೆಯ ತೊಗಟೆ ಗುಂಟ ಆಡಿಸಿದೆ. ಒಂದು ಕಡೆ ಟಕ್ ಅಂತ ಅಂಟಿತು. ಉಳಿಯಿಂದ ತೊಗಟೆ ಬಿಡಿಸಿ ನೋಡಿದರೆ ಬಟ್ಟೆ ಒಣಹಾಕುವ ತಂತಿಗೆ ಯಾವ ಕಾಲದಲ್ಲೋ ಹೊಡೆದ ಕಬ್ಬಿಣದ ಕೊಕ್ಕೆ. ಮರ ಅದನ್ನು ಪೂರ್ತಿ ನುಂಗಿತ್ತು. ಸುತ್ತಲಿನ ಮರ ಶಾಯಿ ಚೆಲ್ಲಿದಂತೆ ನೀಲಿಗಪ್ಪಾಗಿತ್ತು. ಆ ಬಣ್ಣ ಕಂಡರೆ ಒಳಗೆ ಕಬ್ಬಿಣ ಇದೆ ಅಂತಲೇ ತಿಳಿಯಬೇಕು. ಕೊಕ್ಕೆ ತೆಗೆದೆವು. ಆಳಕ್ಕೆ ಹೋದ ಮೊಳೆ ಅಯಸ್ಕಾಂತಕ್ಕೆ ಸಿಗುವುದಿಲ್ಲ, ಹಾಗಾಗಿ ಬಣ್ಣದ ಮೇಲೆ ಕಣ್ಣಿಟ್ಟೇ ಕೆಲಸ.

ಕೈಪಿಡಿ ಹೇಳುವಂತೆ ನೋಡುವವರು ಕನಿಷ್ಠ 15 ಮೀಟರ್ ದೂರ ಇರಬೇಕು. ಹಿತ್ತಲಲ್ಲಿ ಅಷ್ಟು ಜಾಗ ಎಲ್ಲಿ? ಮೂರು ಕಡೆ ದಪ್ಪ ಪ್ಲೈವುಡ್ ಹಲಗೆ ನಿಲ್ಲಿಸಿ, ಪಕ್ಕದ ಮನೆಯ ಕಿಟಕಿಗೆ ಅಡ್ಡ ಗೋಣಿತಟ್ಟು ಇಳಿಬಿಟ್ಟು, ಎಲ್ಲರನ್ನೂ ಒಳಗೆ ಕಳಿಸಿದೆ.

“ಇಷ್ಟ ಸಣ್ಣ ಕೆಲಸಕ್ಕ ಅಷ್ಟ್ಯಾಕ ತಯಾರಿ ತಮ್ಮಾ? ನಾ ಇಲ್ಲೇ ಕಟ್ಟೀ ಮ್ಯಾಲ ಕುಂತ ನೋಡ್ತೀನಿ” ಅಂದರು ಮನೆಯ ಹಿರಿಯರು.

“ಬ್ಯಾಡ ಕಾಕಾ, ಒಳಗ ಹೋಗಿ ಕಿಟಕಿ ಹಾಕ್ಕೋರಿ. ಬಂದ್ ಆದಮ್ಯಾಲ ನಾನ ಬಂದ್ ಕರೀತೀನಿ.”

ನನ್ನ ಉಡುಪು: ಕಣ್ಣಿಗೆ ಸೇಫ್ಟಿ ಕನ್ನಡಕ, ಅದರ ಮೇಲೆ ಮುಖ ಮುಚ್ಚುವ ಶೀಲ್ಡ್, ಕಿವಿಗೆ ಮಫ್, ಉಕ್ಕಿನ ಮೂತಿಯ ಬೂಟು, ಮೈಗೆ ಅಂಟಿದ ಪ್ಯಾಂಟು. 85 ಡೆಸಿಬಲ್ ದಾಟಿದ ಸದ್ದನ್ನೇ ಹೊತ್ತುಗಟ್ಟಲೆ ಕೇಳಿದರೆ ಕಿವಿಗೆ ಹಾನಿ. ಈ ಮಷಿನ್ ಅದಕ್ಕಿಂತ ಎಷ್ಟೋ ಜೋರು. ನಮ್ಮಲ್ಲಿ ಕೆಲಸಕ್ಕೆ ಬರುವವರ ಹೆಗಲ ಮೇಲೆ ಟವೆಲ್ ಇಲ್ಲದೆ ಇರುವುದಿಲ್ಲ. ಈ ಮಷಿನ್ ಹತ್ತಿರ ಟವೆಲ್, ಲುಂಗಿ, ಕೊರಳ ದಾರ, ಸಡಿಲ ತೋಳು ಯಾವುದೂ ಇರಕೂಡದು.

ಕೊರೆಯುವ ಕ್ರಮ ಹೀಗೆ. ಬೊಡ್ಡೆಯ ಮುಂದಿನ ಅಂಚಿನ ಮೇಲೆ ಚಕ್ರ ಎತ್ತಿ ಹಿಡಿದು, ಪೂರ್ತಿ ವೇಗ ಬಂದ ಮೇಲೆ ನಿಧಾನ ಇಳಿಸಿ, ಎರಡು ಸೆಂ.ಮೀ.ನಷ್ಟು ಮಾತ್ರ ಕಚ್ಚಿಸಿ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬೀಸುತ್ತಾ ಹೋಗಬೇಕು. ಆ ಪದರ ಮುಗಿದ ಮೇಲೆ ಇನ್ನೊಂದು ಪದರ. ಇಂಜಿನ್ ಸದ್ದು ಕುಗ್ಗಿತು ಅಂದರೆ ಹೆಚ್ಚು ಕಚ್ಚಿದೆ ಅಂತ ಅರ್ಥ, ಮೇಲೆತ್ತಿ ಉಸಿರಾಡಲು ಬಿಡಬೇಕು. ಮಾವು ಮೆದು ಮರ, ಬೆಣ್ಣೆಯಂತೆ ಬಂತು. ಹುಲ್ಲು ಹಾಕುವವರಿಗೆ 15 ಸೆಂ.ಮೀ. ಆಳ ಸಾಕು, ಇವರಿಗೆ ಅಲ್ಲೇ ಕರಿಬೇವು ನೆಡಬೇಕಿತ್ತು, 30 ಸೆಂ.ಮೀ.ವರೆಗೆ ಇಳಿಸಿದೆ.

ನಡುವೆ ಇಂಜಿನ್ ನಿಲ್ಲಿಸಿ ಪುಡಿ ಸರಿಸುವಾಗ ಜೊತೆಗಿದ್ದ ಹುಡುಗ ಬಗ್ಗಿದ. “ಅಣ್ಣಾ, ಗಾರ್ಡ್ ಒಳಗ ಬೇರಿನ ತುಂಡು ಸಿಕ್ಕೈತಿ, ಕೈ ಹಾಕಿ ತಗೀಲೇನು?”

“ಮುಟ್ಟಬ್ಯಾಡ. ಹಳದಿ ಗೆರಿ ನಿಂತೈತೇನ್ ನೋಡು ಮೊದಲ. ನಿಂತ ಮ್ಯಾಲ ಪ್ಲಗ್ ಕ್ಯಾಪ್ ತಗಿ. ಆಮ್ಯಾಲ ಕೋಲ್ ತಗೊಂಡ್ ತಗಿ, ಕೈ ಅಲ್ಲ.”

ಈಗ ಅವನೇ ಗಟ್ಟಿಯಾಗಿ “ಗೆರಿ ನಿಂತೈತಿ!” ಅಂತ ಕೂಗಿ ಹೇಳುತ್ತಾನೆ. ಆಮೇಲೆಯೇ ಇಬ್ಬರೂ ಮುಂದಕ್ಕೆ ಹೋಗುವುದು.

ಹಸಿ ಪುಡಿಯನ್ನು ಗುಂಡಿಗೇ ತುಂಬಿ ಗಿಡ ನೆಟ್ಟರೆ ಗಿಡ ಹಳದಿಯಾಗುತ್ತದೆ. ಮರದ ಪುಡಿ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುತ್ತದೆ. ಪುಡಿ ಬಾಚಿ ಸೆಗಣಿ ಜೊತೆ ತಿಪ್ಪೆಗೆ ಹಾಕಲು ಹೇಳಿ, ಗುಂಡಿಗೆ ಒಳ್ಳೆ ಮಣ್ಣು ತುಂಬಿಸಿದೆವು.

ರೋಹಿಣಿ ಮಳೆ, ನವಲಗುಂದ ಕಡೆ

ಹೊಲದ ಬದುವಿನ ಜಾಲಿ ಬೊಡ್ಡೆಗಳು. ಜಾಲಿ ಗಟ್ಟಿ, ಮಾವಿನಲ್ಲಿ ಒಂದು ಪದರ ಕೊರೆದಷ್ಟು ಹೊತ್ತಿಗೆ ಇಲ್ಲಿ ಅರ್ಧವೂ ಆಗಲಿಲ್ಲ. ಕಲ್ಲು ಕಡಿಮೆ, ಆದರೆ ಎರೆ (ಕಪ್ಪು) ಮಣ್ಣಿನಲ್ಲಿ ಸುಣ್ಣದ ಹರಳು ಇರುತ್ತದೆ, ಅದೂ ಹಲ್ಲಿಗೆ ಪೆಟ್ಟು ಕೊಡುತ್ತದೆ.

ಎರಡನೇ ಬೊಡ್ಡೆ ಹಿಡಿದಾಗ ಮಳೆ ಹನಿಯಿತು. ಎರೆ ಒದ್ದೆಯಾದರೆ ಆಟ ಮುಗಿದಂತೆ. ಮಣ್ಣು ಚಕ್ರಕ್ಕೆ, ಗಾರ್ಡ್ ಒಳಗೆ, ಬೆಲ್ಟ್ ಕವರ್‌ಗೆ ಮೆತ್ತಿಕೊಂಡು ಮಷಿನ್ ಅದುರಲು ಶುರುವಾಯಿತು. ನಿಂತವನ ಕಾಲೂ ಜಾರುತ್ತದೆ. ಹೊಲದ ಗೌಡರು “ಇನ್ನೊಂದೀಟ ಐತಲ್ರೀ, ಮುಗಿಸೇ ಬಿಡ್ರಿ” ಅಂದರು. ಹಲಗೆ ಹಾಸಿ ಮಷಿನ್ ಹೊರಗೆ ತಂದು, ಒಣಗಿದ ಮೇಲೆ ಬರುತ್ತೇನೆ ಅಂತ ಹೇಳಿ ವಾಪಸ್ ಬಂದೆವು. ಒದ್ದೆ ಎರೆಯಲ್ಲಿ ಈ ಮಷಿನ್ ನಡೆಸುವುದು ಯಾರಿಗೂ ಒಳ್ಳೆಯದಲ್ಲ.

ಕಾರಹುಣ್ಣಿಮೆ ಆದಮೇಲೆ

ಶೆಡ್‌ನಲ್ಲಿ ಮಳೆಗಾಲದ ಸರ್ವಿಸ್. ಮೆತ್ತಿದ ಎರೆ ಒಣಗಿದ ಮೇಲೆ ಕಟ್ಟಿಗೆ ಉಳಿಯಿಂದ ಕೆರೆದೆ. ಬೇರಿಂಗ್ ಮೇಲೆ ಪ್ರೆಷರ್ ನೀರು ಹೊಡೆಯಬಾರದು, ನೀರು ಒಳಹೊಕ್ಕು ಗ್ರೀಸ್ ತೊಳೆದುಹೋಗುತ್ತದೆ. ಹಳೇ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಗ್ರೀಸ್ ಗನ್ ಒತ್ತಿದೆ. ಇಂಜಿನ್ನಿನ ಬಿಸಿ ಹೊರಹಾಕುವ ರೆಕ್ಕೆಗಳ ನಡುವಿನ ಪುಡಿ ಬ್ರಷ್‌ನಿಂದ ತೆಗೆದೆ.

ಬೆಲ್ಟ್‌ಗಳಲ್ಲಿ ಒಂದರ ಒಳಬದಿ ಬಿರುಕು ಬಿಟ್ಟಿದೆ, ಇನ್ನೊಂದು ಚೆನ್ನಾಗಿದೆ. ಆದರೂ ಎರಡನ್ನೂ ಒಟ್ಟಿಗೇ ಬದಲಿಸುತ್ತೇನೆ. ಒಂದು ಹೊಸದು ಒಂದು ಹಳೇದು ಆದರೆ ಭಾರವೆಲ್ಲ ಹೊಸದರ ಮೇಲೆಯೇ ಬೀಳುತ್ತದೆ. ಗದಗ ಕಡೆಯಿಂದ ಹುಣಸೆ ಬೊಡ್ಡೆಗೆ ಕರೆ ಬಂದಿದೆ, ಜೊತೆಗೆ ತೆಂಗಿನ ಬೊಡ್ಡೆಯೂ ಒಂದಿದೆಯಂತೆ. ತೆಂಗಿನ ನಾರು ಶಾಫ್ಟ್‌ಗೆ ಸುತ್ತಿಕೊಂಡು ಬೇರಿಂಗ್ ಸೀಲ್ ಹರಿಯುತ್ತದೆ, ಅದಕ್ಕೆ ಆಗಾಗ ನಿಲ್ಲಿಸಿ ಬಿಡಿಸಬೇಕು. ಹುಣಸೆಗೆ ಚೂಪು ಹಲ್ಲಿನ ಪೂರ್ತಿ ಸೆಟ್ ಬೇಕು. ಬೆಲ್ಟ್ ಮತ್ತು ಹಲ್ಲು ಎರಡಕ್ಕೂ ಆರ್ಡರ್ ಕೊಟ್ಟಿದ್ದೇನೆ. ಅವು ಬಂದು, ಅಲ್ಲಿನ ಎರೆ ಗಟ್ಟಿಯಾದ ಮೇಲೆ ಹೋಗುವುದು.