ನೂರರಲ್ಲಿ ಐದೇ ಭಾಗ

ನೈಲಾನ್-6ರ ಮೂಲವಸ್ತುವಾದ ಕ್ಯಾಪ್ರೊಲ್ಯಾಕ್ಟಮ್ ತಯಾರಿಕೆಯ ಪ್ರಸ್ತಾಪ ಬಂದಾಗಲೆಲ್ಲ ಮಾತು ಬೆಕ್‌ಮನ್ ಮರುಜೋಡಣೆಯ ಕಡೆಗೇ ಹೊರಳುತ್ತದೆ. ಸೈಕ್ಲೋಹೆಕ್ಸನೋನ್‌ನಿಂದ ಪಡೆದ ಆಕ್ಸೈಮ್ ಎಂಬ ಸಂಯುಕ್ತದ ಆರು ಇಂಗಾಲಗಳ ಉಂಗುರದೊಳಕ್ಕೆ ಸಾರಜನಕ ನುಸುಳಿ ಏಳು ಪರಮಾಣುಗಳ ಉಂಗುರವಾಗುವ ಆ ಕ್ರಿಯೆ ಸೊಗಸಾದದ್ದೇನೋ ಹೌದು. ಆದರೆ ಈ ಉದ್ಯಮದ ಸ್ವಭಾವವನ್ನು ಅರಿಯಬೇಕಾದರೆ ಅದಕ್ಕೂ ಹಿಂದಿನ ಹಂತವನ್ನು, ಅಂದರೆ ಸೈಕ್ಲೋಹೆಕ್ಸೇನ್ ಎಂಬ ದ್ರವ ಹೈಡ್ರೋಕಾರ್ಬನ್ನಿನ ಉತ್ಕರ್ಷಣವನ್ನು (ಆಮ್ಲಜನಕದೊಡನೆ ಸೇರಿಸುವುದನ್ನು) ನೋಡಬೇಕೆಂದು ನನ್ನ ಅಭಿಪ್ರಾಯ.

ಸುಮಾರು 155 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಒತ್ತಡದ ಬಲದಿಂದ ದ್ರವವಾಗಿಯೇ ಉಳಿದಿರುವ ಸೈಕ್ಲೋಹೆಕ್ಸೇನಿನೊಳಗೆ ಗಾಳಿಯನ್ನು ಹಾಯಿಸಿದಾಗ ಮೊದಲು ಹೈಡ್ರೋಪೆರಾಕ್ಸೈಡ್ ಎಂಬ ಅಸ್ಥಿರ ಸಂಯುಕ್ತ ಹುಟ್ಟಿ, ಅದು ಒಡೆದು ಸೈಕ್ಲೋಹೆಕ್ಸನಾಲ್ ಮತ್ತು ಸೈಕ್ಲೋಹೆಕ್ಸನೋನ್‌ಗಳ ಮಿಶ್ರಣ ದೊರೆಯುತ್ತದೆ. ತೊಡಕೆಂದರೆ, ಹೀಗೆ ದೊರೆತ ವಸ್ತುಗಳು ಮೂಲ ದ್ರವಕ್ಕಿಂತಲೂ ಸುಲಭವಾಗಿ ಉತ್ಕರ್ಷಣಗೊಳ್ಳುತ್ತವೆ. ಕ್ರಿಯೆಯನ್ನು ಮುಂದುವರಿಯಲು ಬಿಟ್ಟರೆ ಉಂಗುರವೇ ಒಡೆದು ಬೇಡದ ಆಮ್ಲಗಳು ಹೆಚ್ಚುತ್ತವೆ. ಆದ್ದರಿಂದ ನೂರರಲ್ಲಿ ಐದಾರು ಭಾಗವಷ್ಟೇ ಬದಲಾಗುವಂತೆ ನೋಡಿಕೊಂಡು, ಉಳಿದದ್ದನ್ನೆಲ್ಲ ಬಟ್ಟಿ ಇಳಿಸಿ ಮತ್ತೆ ಕ್ರಿಯೆ ನಡೆಯುವ ಪಾತ್ರೆಗೆ, ಅಂದರೆ ರಿಯಾಕ್ಟರಿಗೆ ಕಳುಹಿಸುತ್ತಾರೆ. ಸ್ವಲ್ಪ ಉತ್ಪನ್ನಕ್ಕಾಗಿ ಅಪಾರ ಪ್ರಮಾಣದ ಬಿಸಿ ದ್ರವ ಸದಾ ಸುತ್ತುತ್ತಿರಬೇಕಾಗುತ್ತದೆ. ಸಾಮಾನ್ಯ ಒತ್ತಡದಲ್ಲಿ ಅದರ ಕುದಿಬಿಂದು ಸುಮಾರು 81 ಡಿಗ್ರಿ ಮಾತ್ರ. ಹೊರಬಿದ್ದ ಕ್ಷಣವೇ ಗಣನೀಯ ಭಾಗ ಆವಿಯಾಗುತ್ತದೆ.

ಇದರ ಪರಿಣಾಮವೇನೆಂಬುದು 1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೊದಲ್ಲಿ ಕಂಡಿತು. ಅಲ್ಲಿನ ಕ್ಯಾಪ್ರೊಲ್ಯಾಕ್ಟಮ್ ಕಾರ್ಖಾನೆಯಲ್ಲಿ ಆರು ರಿಯಾಕ್ಟರುಗಳು ಮೆಟ್ಟಿಲಿನಂತೆ ಒಂದಕ್ಕಿಂತ ಒಂದು ತಗ್ಗಿನಲ್ಲಿದ್ದವು. ಬಿರುಕು ಬಿಟ್ಟ ಐದನೆಯದನ್ನು ತೆಗೆದು, ನಾಲ್ಕನೆಯದಕ್ಕೂ ಆರನೆಯದಕ್ಕೂ ನಡುವೆ 20 ಅಂಗುಲದ ತಾತ್ಕಾಲಿಕ ಕೊಳವೆ ಜೋಡಿಸಿದ್ದರು. ಎರಡರ ಎತ್ತರ ಬೇರೆಯಾದ್ದರಿಂದ ಕೊಳವೆಗೆ ಬಾಗು ಕೊಡಬೇಕಾಯಿತು. ಒಳಗಿನ ಒತ್ತಡ ಅದನ್ನು ತಿರುಚಲು ಯತ್ನಿಸುತ್ತದೆಂಬುದನ್ನು ಯಾರೂ ಲೆಕ್ಕ ಹಾಕಿರಲಿಲ್ಲ, ಮತ್ತು ಅದರ ನಕ್ಷೆಯನ್ನು ಕಾರ್ಯಾಗಾರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯಲಾಗಿತ್ತು. ಕೊಳವೆ ಕಳಚಿಬಿದ್ದು ಆವಿಯ ಮೋಡ ಸ್ಫೋಟಿಸಿದಾಗ 28 ಜನ ಸತ್ತರು. ಅಂದು ಶನಿವಾರವಾದ್ದರಿಂದ ಅಲ್ಲಿ ಜನ ಕಡಿಮೆಯಿದ್ದರು, ಇಲ್ಲದಿದ್ದರೆ ಸಾವು ಇನ್ನೂ ಹೆಚ್ಚುತ್ತಿತ್ತು.

ತಪ್ಪೆಲ್ಲ ಕೊಳವೆಯದೇ ಎನ್ನುವುದು ನನಗೆ ಅರ್ಧ ಉತ್ತರವಾಗಿ ತೋರುತ್ತದೆ. ಅಷ್ಟೊಂದು ದ್ರವವನ್ನು ಅಲ್ಲಿ ಸುತ್ತಿಸಬೇಕಾಗಿ ಬಂದದ್ದೇ ಆ ಐದಾರು ಭಾಗದ ಮಿತಿಯಿಂದ. ಮುಂದೆ ಅದೇ ಜಾಗದಲ್ಲಿ ಮತ್ತೆ ಕಟ್ಟಿದ ಕಾರ್ಖಾನೆ ಸೈಕ್ಲೋಹೆಕ್ಸೇನನ್ನು ಬಿಟ್ಟು, ಫೀನಾಲಿಗೆ ಜಲಜನಕ ಸೇರಿಸಿ ಸೈಕ್ಲೋಹೆಕ್ಸನೋನ್ ಪಡೆಯುವ ದಾರಿ ಹಿಡಿಯಿತು.