ಹಕ್ಕಿಗಳನ್ನು ಎಣಿಸಿದರೆ ಸಾಲದಾ, ರಕ್ತ ಯಾಕೆ?

ಕಾಡುಹಕ್ಕಿಗಳ ಜೆನೆಟಿಕ್ಸ್ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ ಅಂದ ಕೂಡಲೇ ಎದುರಿಗಿದ್ದವರು ಕೇಳುವುದು ಇದನ್ನೇ: "ಎಷ್ಟಿವೆ ಅಂತ ಎಣಿಸಿದರೆ ಆಗಲ್ವಾ? ಪಾಪ, ಅದರ ರಕ್ತ ಯಾಕೆ ತೆಗೀತೀರಿ?"

ಆಗಲ್ಲ. ಎಣಿಕೆ ಅರ್ಧ ಕಥೆ ಮಾತ್ರ ಹೇಳುತ್ತದೆ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಗ್ರೇಟರ್ ಪ್ರೇರಿ ಚಿಕನ್ ಅನ್ನುವ ಹಕ್ಕಿ ಇದೆ. ಕೋಳಿ ಜಾತಿಯದು, ಹುಲ್ಲುಗಾವಲಿನದು. ಹುಲ್ಲುಗಾವಲೆಲ್ಲ ಹೊಲವಾಗುತ್ತಾ ಹೋದ ಹಾಗೆ ಅದೂ ಕರಗಿತು. 1962ರಲ್ಲಿ ಸುಮಾರು 2000 ಇದ್ದದ್ದು 1994ರ ಹೊತ್ತಿಗೆ 50ಕ್ಕಿಂತ ಕಡಿಮೆ. ವಿಚಿತ್ರ ಏನೆಂದರೆ, ಅವುಗಳಿಗೆಂದೇ ಜಾಗ ಉಳಿಸಿಕೊಟ್ಟ ಮೇಲೂ ಸಂಖ್ಯೆ ಏರಲಿಲ್ಲ. ಮೊಟ್ಟೆ ಇಡುತ್ತಿದ್ದವು, ಆದರೆ ಮೊದಲಿನಷ್ಟು ಮರಿಯಾಗುತ್ತಿರಲಿಲ್ಲ. ಮ್ಯೂಸಿಯಮ್ಮಿನಲ್ಲಿದ್ದ ಹಳೆಯ ಹಕ್ಕಿಗಳ ಡಿಎನ್‌ಎ ಜೊತೆ ಹೋಲಿಸಿದಾಗ, ಈಗಿನವುಗಳಲ್ಲಿ ಎಷ್ಟೋ ಜೀನ್ ರೂಪಗಳೇ ಕಳೆದುಹೋಗಿದ್ದವು. ಊರಲ್ಲಿ ಉಳಿದವರೆಲ್ಲ ಒಂದೇ ಅಜ್ಜಿಯ ಮೊಮ್ಮಕ್ಕಳಾಗಿ, ಅವರವರಲ್ಲೇ ಮದುವೆಯಾದ ಹಾಗೆ. 1992ರಿಂದ ಮಿನೆಸೋಟ, ಕ್ಯಾನ್ಸಸ್, ನೆಬ್ರಾಸ್ಕಾಗಳಿಂದ ಹಕ್ಕಿಗಳನ್ನು ತಂದು ಬಿಟ್ಟರು. ಮೊಟ್ಟೆಗಳು ಮತ್ತೆ ಚೆನ್ನಾಗಿ ಮರಿಯಾದವು. ಅಷ್ಟಕ್ಕೇ ಎಲ್ಲ ಸರಿಹೋಯಿತು ಅನ್ನುವಂತಿಲ್ಲ, 2014ರಲ್ಲಿ ಮತ್ತೆ ತರಬೇಕಾಯಿತು. ಹೊಸ ರಕ್ತ ತರಬಹುದು, ಹೋದ ಹುಲ್ಲುಗಾವಲು ತರುವುದು ಕಷ್ಟ.

ಈ ಹಕ್ಕಿಯ ಗಂಡುಗಳು ಒಂದೇ ಬಯಲಿಗೆ ಬಂದು ಕುಣಿಯುತ್ತವೆ. ಹೆಣ್ಣುಗಳು ನೋಡಿ ಆರಿಸಿಕೊಳ್ಳುತ್ತವೆ. ಹೆಚ್ಚಿನ ಮರಿಗಳಿಗೆ ಅಪ್ಪಂದಿರು ಬೆರಳೆಣಿಕೆಯ ಗಂಡುಗಳು ಮಾತ್ರ. ನೂರು ಗಂಡು ಕಂಡೆ ಅಂತ ನೀವು ಬರೆದುಕೊಂಡರೂ, ಮುಂದಿನ ಪೀಳಿಗೆಗೆ ಜೀನ್ ಕೊಡುವವು ಅದರಲ್ಲಿ ಸ್ವಲ್ಪವೇ. ನಮಗೆ ಬೇಕಾದದ್ದು ಈ ಎರಡನೇ ಲೆಕ್ಕ. ಅದನ್ನು ಇಫೆಕ್ಟಿವ್ ಪಾಪ್ಯುಲೇಶನ್ ಸೈಜ್ ಅನ್ನುತ್ತಾರೆ. ಬೈನಾಕ್ಯುಲರ್‌ನಲ್ಲಿ ಕಾಣಲ್ಲ.

ಜೋಡಿಯಾಗಿ ಗೂಡು ಕಟ್ಟುವ ಹಕ್ಕಿಗಳನ್ನೂ ಸುಮ್ನೆ ನಂಬುವಂತಿಲ್ಲ. ಆಸ್ಟ್ರೇಲಿಯದ ಸೂಪರ್ಬ್ ಫೇರಿ ರೆನ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮರಿಗಳ ಅಪ್ಪ, ಆ ಗೂಡಿಗೆ ಹುಳ ಹೊತ್ತು ತರುವ ಗಂಡು ಅಲ್ಲ! ಡಿಎನ್‌ಎ ನೋಡದೆ ಇದು ಗೊತ್ತಾಗುವ ಹಾಗೇ ಇರಲಿಲ್ಲ.

ಇನ್ನು ರಕ್ತದ ವಿಷಯ. ಜನ ಸಿರಿಂಜ್ ತುಂಬಾ ರಕ್ತ ಅಂದುಕೊಂಡಿರುತ್ತಾರೆ. ನಮ್ಮ ಕೆಂಪು ರಕ್ತಕಣಗಳಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ, ಹಕ್ಕಿಗಳದರಲ್ಲಿ ಇರುತ್ತದೆ. ಅಂದರೆ ಅವುಗಳ ಒಂದೊಂದು ಕೆಂಪು ಕಣದಲ್ಲೂ ಡಿಎನ್‌ಎ ಇದೆ. ಹಾಗಾಗಿ ಒಂದೆರಡು ಹನಿ ಧಾರಾಳವಾಗಿ ಸಾಕು. ದೇಹದ ತೂಕದ ಶೇಕಡಾ 1ಕ್ಕಿಂತ ಹೆಚ್ಚು ತೆಗೆಯಬಾರದು ಅನ್ನುವುದು ಸಾಮಾನ್ಯ ಮಿತಿ. ನಾವು ಅಷ್ಟರ ಹತ್ತಿರಕ್ಕೂ ಹೋಗುವುದಿಲ್ಲ.

ತೆಗೆಯುವುದು ಹೀಗೆ. ತೆಳುಬಲೆಯಿಂದ ಬಿಡಿಸಿದ ಹಕ್ಕಿಯನ್ನು ಬೆನ್ನು ಅಂಗೈಗೆ ಬರುವಂತೆ ಹಿಡಿಯುತ್ತೇವೆ, ಕತ್ತು ತೋರುಬೆರಳು ಮತ್ತು ನಡುಬೆರಳಿನ ಮಧ್ಯೆ. ಒತ್ತುವಂತಿಲ್ಲ, ಎದೆ ಉಸಿರಾಡಲು ಬಿಡುವಾಗಿರಬೇಕು. ರೆಕ್ಕೆ ಬಿಡಿಸಿ, ಒಳಭಾಗದ ಗರಿಗಳನ್ನು ಒದ್ದೆ ಹತ್ತಿಯಿಂದ ಸರಿಸಿದರೆ ತೆಳ್ಳಗಿನ ಚರ್ಮದಡಿ ರಕ್ತನಾಳ ಗೆರೆಯಂತೆ ಕಾಣುತ್ತದೆ. ಸಣ್ಣ ಸೂಜಿಯಿಂದ ಒಮ್ಮೆ ಚುಚ್ಚಿದರೆ ಹನಿ ಮೂಡುತ್ತದೆ. ಕೂದಲೆಳೆಯಂಥ ರಂಧ್ರದ ಗಾಜಿನ ನಳಿಗೆ ತಾಗಿಸಿದರೆ ತಾನೇ ಒಳಗೆ ಏರುತ್ತದೆ. ಮೇಲೆ ಹತ್ತಿ ಒತ್ತಿ, ರಕ್ತ ನಿಂತ ಮೇಲೆ ಬಿಟ್ಟುಬಿಡುವುದು. ನೋವಾಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆಗುತ್ತದೆ. ನಿಜ ಹೇಳಬೇಕೆಂದರೆ, ಸೂಜಿಗಿಂತ ನಮ್ಮ ಕೈಯಲ್ಲಿ ಸಿಕ್ಕಿಬಿದ್ದ ಭಯವೇ ಅದಕ್ಕೆ ಜಾಸ್ತಿ ಅನ್ನಿಸುತ್ತದೆ. ಅದಕ್ಕೇ ಪರವಾನಗಿ, ತರಬೇತಿ ಎಲ್ಲ. ಮಳೆಯಲ್ಲಿ ಬಲೆ ಕಟ್ಟುವುದಿಲ್ಲ, ಸುಸ್ತಾದಂತೆ ಕಂಡ ಹಕ್ಕಿಯನ್ನು ಚುಚ್ಚದೆ ಹಾಗೇ ಬಿಡುತ್ತೇವೆ.

ಉದುರಿದ ಗರಿ ಸಾಲದಾ ಅಂತ ಕೆಲವರು ಕೇಳುತ್ತಾರೆ. ಕೆಲವೊಮ್ಮೆ ಸಾಕು. ಆದರೆ ಅದರ ಡಿಎನ್‌ಎ ಕಡಿಮೆ, ಬಿಸಿಲು ಮಳೆಗೆ ಕೆಟ್ಟಿರುತ್ತದೆ, ಮೇಲಾಗಿ ಯಾವ ಹಕ್ಕಿಯದು ಅಂತ ಗೊತ್ತಿರುವುದಿಲ್ಲ.

ಹಾಗಂತ ಎಣಿಸುವವರು ಬೇಡ ಅಂತಲ್ಲ, ತುಂಬಾ ಬೇಕು. ಯಾರ ಮರಿ ಯಾರು ಅಂತ ಡಿಎನ್‌ಎ ಹೇಳುತ್ತದೆ, ಆ ಮರಿ ಬದುಕಿದೆಯಾ ಅಂತ ಹೇಳುವುದು ನೋಡಿದವರೇ. ಒಂದೊಂದು ಹಕ್ಕಿಯನ್ನೂ ಗುರುತಿಸಲೆಂದು ಸಂಶೋಧಕರು ಕಾಲಿಗೆ ಬಣ್ಣದ ಉಂಗುರ ಹಾಕಿದ ಹಕ್ಕಿ ಕಂಡರೆ ಬಣ್ಣ ಮಾತ್ರ ಬರೆದುಕೊಳ್ಳಬೇಡಿ. ಎಡಗಾಲಾ ಬಲಗಾಲಾ, ಯಾವುದು ಮೇಲೆ ಯಾವುದು ಕೆಳಗೆ ಅನ್ನುವುದೂ ಇರಲಿ. ಕ್ರಮ ಅದಲುಬದಲಾದರೆ ಅದು ಬೇರೆಯೇ ಹಕ್ಕಿ ಆಗಿಬಿಡುತ್ತದೆ.