ಮಂಜುಗಡ್ಡೆಯ ಕೆಳಗಿನ ಸಂಸಾರ

ನಿನ್ನೆ ರಾತ್ರಿ ಅಲಾಸ್ಕಾದ ಉತ್ತರ ತುದಿಯ ಕೆರೆಗಳ ಬಗ್ಗೆ ಓದುತ್ತಾ ಕೂತಿದ್ದೆ. ಚಳಿಗಾಲದಲ್ಲಿ ಅಲ್ಲಿ ಮಂಜುಗಡ್ಡೆ 2 ಮೀಟರ್‌ವರೆಗೂ ದಪ್ಪ ಕಟ್ಟುತ್ತದೆ. ಅಷ್ಟು ಆಳವಿಲ್ಲದ ಕೆರೆ ತಳದವರೆಗೂ ಹೆಪ್ಪುಗಟ್ಟಿಬಿಡುತ್ತದೆ. ಅಂಥ ಕಡೆ ಬಸವನಹುಳು, ಚಿಪ್ಪಿಗಳು ಉಳಿಯೋದು ಕಷ್ಟ ಅಲ್ವಾ? ಸಾಲದ್ದಕ್ಕೆ ನೀರಲ್ಲಿ ಕ್ಯಾಲ್ಸಿಯಂ ಬೇಕು, ಇಲ್ಲದಿದ್ದರೆ ಚಿಪ್ಪು ಕಟ್ಟುವುದಿಲ್ಲ. ನೀರು ಹುಳಿಯಾದರೆ ಕಟ್ಟಿದ ಚಿಪ್ಪೂ ಸವೆಯುತ್ತದೆ.

ಆದರೂ ಆರ್ಕ್‌ಟಿಕ್ ಕೆರೆಗಳಲ್ಲಿ ಬಟಾಣಿ ಚಿಪ್ಪಿಗಳಿವೆ. ಹೆಸರಿಗೆ ಬಟಾಣಿ, ಎಷ್ಟೋ ಜಾತಿಗಳು ಅದಕ್ಕಿಂತಲೂ ಸಣ್ಣ. ಕೆಸರಲ್ಲಿ ಹುದುಗಿಕೊಂಡು ನೀರು ಸೋಸಿ ತಿನ್ನುತ್ತವೆ. ಮೊಟ್ಟೆಯನ್ನು ನೀರಿಗೆ ಬಿಡುವುದಿಲ್ಲ. ತಾಯಿ ತನ್ನ ಕಿವಿರಿನ ಚೀಲದಲ್ಲೇ ಮರಿಗಳನ್ನು ಸಾಕುತ್ತದೆ. ಹೊರಬರುವಾಗ ಮರಿಗೆ ಆಗಲೇ ಎರಡು ಪುಟ್ಟ ಚಿಪ್ಪು! ಗಂಡು, ಹೆಣ್ಣು ಎರಡೂ ಒಂದೇ ಮೈಯಲ್ಲಿ. ಹಾಗಾಗಿ ಬಾತುಕೋಳಿಯ ಕಾಲಿಗೆ ಅಂಟಿ ಬಂದ ಒಂದೇ ಒಂದು ಚಿಪ್ಪಿಯಿಂದಲೂ ಹೊಸ ಕೆರೆಯಲ್ಲಿ ಸಂಸಾರ ಶುರುವಾಗಬಹುದು.

ಬೆಳಗ್ಗೆ ಬಟಾಣಿ ಸುಲಿಯುವಾಗ ಒಂದು ಕಾಳನ್ನು ಬೆರಳ ತುದಿಯಲ್ಲಿಟ್ಟುಕೊಂಡು ಸುಮ್ನೆ ನೋಡಿದೆ. ಇಷ್ಟೇ ಇಷ್ಟು ಜೀವ. ಮೇಲೆ ಆಳೆತ್ತರದ ಮಂಜುಗಡ್ಡೆ, ಸುತ್ತ ವಾರಗಟ್ಟಲೆ ಕತ್ತಲೆ, ಒಳಗೆ ಮರಿಗಳು. ಕುಕ್ಕರ್ ಕೂಗಿದ್ದೂ ಕೇಳಿಸಲಿಲ್ಲ.